ವೈಯಕ್ತಿಕ ನಿಂದನೆ ಎಂದರೇನು? ವಿಜ್ಞಾನದ ವಾದವೂ ಅಧ್ಯಕ್ಷರ ಎಚ್ಚರಿಕೆಯೂ

ವಿಚಾರ ಸಂಕಿರಣವಿರಲಿ, ಕಾಲೇಜಿನ ವಿಜ್ಞಾನ ಸಂಘದ ಚರ್ಚೆಯಿರಲಿ, ಶಿಕ್ಷಕರ ಕಮ್ಮಟವಿರಲಿ, ಪ್ರಶ್ನೋತ್ತರ ಆರಂಭವಾಗುವ ಮೊದಲು ಗೋಷ್ಠಿಯ ಅಧ್ಯಕ್ಷರು ಒಂದು ಸೂಚನೆ ಕೊಡುವುದು ವಾಡಿಕೆ: ‘ವೈಯಕ್ತಿಕ ನಿಂದನೆಗೆ ಅವಕಾಶವಿಲ್ಲ.’ ಈ ಸೂಚನೆಯನ್ನು ಯಾರೂ ವಿರೋಧಿಸುವುದಿಲ್ಲ, ವಿರೋಧಿಸಬೇಕಾಗಿಯೂ ಇಲ್ಲ. ಆದರೆ ಚರ್ಚೆ ಸ್ವಲ್ಪ ಕಾವೇರಿದ ಕೂಡಲೇ ತೊಂದರೆ ಶುರುವಾಗುತ್ತದೆ. ಒಬ್ಬರು ‘ಇದು ನಿಂದನೆ’ ಎನ್ನುತ್ತಾರೆ. ಇನ್ನೊಬ್ಬರು ‘ಇದು ಟೀಕೆ ಮಾತ್ರ’ ಎನ್ನುತ್ತಾರೆ. ಅಧ್ಯಕ್ಷರು ಇಬ್ಬರಿಗೂ ‘ಸುಮ್ಮನಿರಿ’ ಎಂದು ಎಚ್ಚರಿಸಿ ಮುಂದಿನ ಪ್ರಬಂಧವನ್ನು ಕರೆಯುತ್ತಾರೆ. ಎಚ್ಚರಿಕೆ ಪಡೆದವರು ಏಕೆಂದು ಕೇಳಿದರೆ, ಆ ಪ್ರಶ್ನೆಯೇ ಎರಡನೆಯ ಅಪರಾಧವೆನಿಸಿಕೊಳ್ಳುತ್ತದೆ.

ಪ್ರಯೋಗಾಲಯದಲ್ಲಿ ನಾವು ಹೀಗೆ ನಡೆದುಕೊಳ್ಳುವುದಿಲ್ಲ. ಯಾವ ರಾಶಿಯನ್ನು ಅಳೆಯುತ್ತಿದ್ದೇವೆ, ಯಾವ ವಿಧಾನದಿಂದ ಅಳೆಯುತ್ತೇವೆ ಎಂಬುದನ್ನು ಹೇಳದೆ ಅಳತೆಯನ್ನು ಬರೆದುಕೊಳ್ಳುವ ವಿದ್ಯಾರ್ಥಿಯ ದಾಖಲೆ ಪುಸ್ತಕಕ್ಕೆ ನಾವು ಸಹಿ ಹಾಕುವುದಿಲ್ಲ. ಹಾಗಿರುವಾಗ ಒಬ್ಬರ ಬಾಯಿ ಮುಚ್ಚಿಸುವ ಅಧಿಕಾರವಿರುವ ಪದವೊಂದನ್ನು ವ್ಯಾಖ್ಯೆಯಿಲ್ಲದೆ ಬಳಸುವುದನ್ನು ಏಕೆ ಒಪ್ಪಬೇಕು? ಈ ಲೇಖನದಲ್ಲಿ ಎರಡು ವಿಷಯಗಳನ್ನು ಓದುಗರ ಮುಂದಿಡುತ್ತೇನೆ. ಒಂದು, ವೈಯಕ್ತಿಕ ನಿಂದನೆಯನ್ನು ಪರೀಕ್ಷೆಗೆ ಒಳಪಡುವಂತೆ ವ್ಯಾಖ್ಯಾನಿಸುವುದು ಸಾಧ್ಯ. ಎರಡು, ನಿಂದನೆಯ ವಿರುದ್ಧ ಕೊಡುವ ಎಚ್ಚರಿಕೆಯೂ ಒಂದು ಹೇಳಿಕೆಯೇ. ಬೇರೆಲ್ಲ ಹೇಳಿಕೆಗಳಂತೆ ಅದನ್ನೂ ಪ್ರಶ್ನಿಸಲು ಅವಕಾಶವಿರಬೇಕು.

ಹಲಸೂರು ಕೆರೆಯ ಒಂದು ಉದಾಹರಣೆ

ಮೊದಲು ಒಂದು ಕಾಲ್ಪನಿಕ ಸಂದರ್ಭವನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಹಲಸೂರು ಕೆರೆಯಲ್ಲಿ 2016ರ ಮಾರ್ಚ್ ತಿಂಗಳಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದು ಹಲವರಿಗೆ ನೆನಪಿರಬಹುದು. ಆ ಕೆರೆಯ ನೀರನ್ನು ಪರೀಕ್ಷಿಸಿದ ಒಬ್ಬ ವಿದ್ಯಾರ್ಥಿನಿ ಕಾಲೇಜಿನ ಗೋಷ್ಠಿಯಲ್ಲಿ ಹೀಗೆ ಹೇಳುತ್ತಾಳೆ ಎಂದಿಟ್ಟುಕೊಳ್ಳಿ: ‘ಒಂದು ಲೀಟರ್ ನೀರಿನಲ್ಲಿ 7 ಮಿಲಿಗ್ರಾಂ ಆಮ್ಲಜನಕ ಕರಗಿದೆ. ಮೀನುಗಾರಿಕೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವ ಕನಿಷ್ಠ ಮಟ್ಟ 4 ಮಿಲಿಗ್ರಾಂ. ಆದ್ದರಿಂದ ಮೀನುಗಳಿಗೆ ಅಪಾಯವಿಲ್ಲ.’ ಸಭಿಕರಿಂದ ಆರು ಬಗೆಯ ಪ್ರತಿಕ್ರಿಯೆಗಳು ಬರುತ್ತವೆ.

1. ‘ನೀವು ಮಧ್ಯಾಹ್ನ ಮೂರು ಗಂಟೆಗೆ ಅಳೆದಿದ್ದೀರಿ. ಬಿಸಿಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ. ರಾತ್ರಿ ಪಾಚಿಯೂ ಉಸಿರಾಡುತ್ತದೆ. ನಸುಕಿನಲ್ಲಿ ಅಳೆಯದೆ ಈ ತೀರ್ಮಾನ ನಿಲ್ಲುವುದಿಲ್ಲ.’

2. ‘ಈ ತೀರ್ಮಾನ ಶುದ್ಧ ಅಸಂಬದ್ಧ.’

3. ‘ನೀವು ಅಜಾಗರೂಕತೆಯಿಂದ ಕೆಲಸ ಮಾಡಿದ್ದೀರಿ. ನಿಮ್ಮ ಚಿತ್ರದಲ್ಲೇ ಬಾಟಲಿಯೊಳಗೆ ಗಾಳಿಗುಳ್ಳೆ ಕಾಣುತ್ತಿದೆ. ಅದರಿಂದ ಫಲಿತಾಂಶ ಕೆಡುತ್ತದೆ.’

4. ‘ಈ ಅಧ್ಯಯನದ ಖರ್ಚು ಕೊಟ್ಟವರು ಯಾರು? ಕೆರೆಯ ನಿರ್ವಹಣೆಯ ಗುತ್ತಿಗೆದಾರರೇ?’

5. ‘ನಿಮ್ಮಂಥವರಿಗೆಲ್ಲ ಸಂಶೋಧನೆ ಏಕೆ ಬೇಕು? ಹಳ್ಳಿಯ ಶಾಲೆಯಿಂದ ಬಂದವರ ಕೈಗೆ ಉಪಕರಣ ಕೊಟ್ಟರೆ ಆಗುವುದೇ ಇಷ್ಟು.’

6. ‘ಪಾಪ, ಹೆಣ್ಣುಮಗಳು ಇಷ್ಟಾದರೂ ಮಾಡಿದ್ದಾಳಲ್ಲ, ಅದೇ ದೊಡ್ಡದು. ಹೆಚ್ಚು ಪ್ರಶ್ನೆ ಕೇಳುವುದು ಬೇಡ.’

ಇವುಗಳಲ್ಲಿ ವೈಯಕ್ತಿಕ ನಿಂದನೆ ಯಾವುದು? ಧ್ವನಿಯ ಏರಿಳಿತವನ್ನು ನೋಡಿ ತೀರ್ಮಾನಿಸುವ ಅಧ್ಯಕ್ಷರು ಎರಡು, ಮೂರು, ನಾಲ್ಕು, ಐದನ್ನು ತಡೆದು ಆರನೆಯದಕ್ಕೆ ಚಪ್ಪಾಳೆ ತಟ್ಟಿಸುವ ಸಂಭವವಿದೆ. ನನ್ನ ಉತ್ತರ ಬೇರೆ. ನಿಂದನೆ ಇರುವುದು ಐದು ಮತ್ತು ಆರರಲ್ಲಿ ಮಾತ್ರ. ಎರಡನೆಯದು ಕಾರಣ ಕೊಡದ ದುರ್ಬಲ ಟೀಕೆ. ಒರಟಾಗಿದ್ದರೂ ಅದು ತೀರ್ಮಾನವನ್ನು ಕುರಿತದ್ದು, ವಿದ್ಯಾರ್ಥಿನಿಯನ್ನಲ್ಲ. ಮೂರನೆಯದು ಆಕೆಯ ಕೆಲಸದ ರೀತಿಯನ್ನು ಕುರಿತದ್ದು. ಚಿತ್ರವನ್ನು ಮತ್ತೆ ತೋರಿಸಿ ಗುಳ್ಳೆ ಇದೆಯೇ ಇಲ್ಲವೇ ಎಂದು ಎಲ್ಲರೂ ನೋಡಬಹುದು. ನಾಲ್ಕನೆಯದು ಇರುಸುಮುರುಸು ಉಂಟುಮಾಡುವ ಪ್ರಶ್ನೆ. ಆದರೂ ಹಣ ಕೊಟ್ಟವರ ಹಿತಾಸಕ್ತಿ ಫಲಿತಾಂಶದ ಮೇಲೆ ಪ್ರಭಾವ ಬೀರಬಲ್ಲದು. ಆದ್ದರಿಂದ ಅದು ಕೇಳಬೇಕಾದ ಪ್ರಶ್ನೆಯೇ.

ಇಲ್ಲಿ ಬಳಸಿದ ಪರೀಕ್ಷೆ ಸರಳವಾದದ್ದು. ಹೇಳಿದ ಮಾತಿನಿಂದ ವ್ಯಕ್ತಿಯ ಹೆಸರು, ಊರು, ಜಾತಿ, ಲಿಂಗ, ವಯಸ್ಸು, ಭಾಷೆ, ಹುದ್ದೆಗಳನ್ನು ತೆಗೆದುಹಾಕಿ. ಚರ್ಚೆಯ ವಿಷಯಕ್ಕೆ ಸಂಬಂಧಿಸಿದ, ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದಾದ ಏನಾದರೂ ಉಳಿಯುತ್ತದೆಯೇ ನೋಡಿ. ಉಳಿದರೆ ಅದು ಟೀಕೆ. ಏನೂ ಉಳಿಯದೆ ವ್ಯಕ್ತಿಯನ್ನು ಕೀಳಾಗಿಸುವ ಅಂಶ ಮಾತ್ರ ಇದ್ದಲ್ಲಿ ಅದು ನಿಂದನೆ. ಐದನೆಯ ಮಾತಿನಿಂದ ‘ಹಳ್ಳಿಯ ಶಾಲೆ’ಯನ್ನೂ ಆರನೆಯದರಿಂದ ‘ಹೆಣ್ಣುಮಗಳ’ನ್ನೂ ತೆಗೆದರೆ ಕೆರೆಯ ನೀರಿನ ಬಗ್ಗೆ ಒಂದಕ್ಷರವೂ ಉಳಿಯುವುದಿಲ್ಲ. ಆರನೆಯದು ಮೆತ್ತಗಿನ ದನಿಯಲ್ಲಿ ಬಂದ ನಿಂದನೆ. ಪ್ರಶ್ನೆಗೆ ಗುರಿಯಾಗುವ ಯೋಗ್ಯತೆಯೂ ನಿನಗಿಲ್ಲ ಎಂದು ಅದು ಹೇಳುತ್ತದೆ.

ಬೆಂಗಳೂರಿನ ಒಂದು ಸಭೆ

ಕಾಲ್ಪನಿಕ ಉದಾಹರಣೆಯನ್ನು ಬೇಕಾದಂತೆ ಹೆಣೆಯಬಹುದು ಎಂಬ ಆಕ್ಷೇಪ ಬರಬಹುದು. ಆದ್ದರಿಂದ ನಮ್ಮ ಊರಿನಲ್ಲೇ ನಡೆದ ಒಂದು ನೈಜ ಪ್ರಸಂಗಕ್ಕೆ ಈ ಪರೀಕ್ಷೆಯನ್ನು ಅನ್ವಯಿಸೋಣ.

ಬೆಂಗಳೂರು ಆಗ ಎರಡು ಆಡಳಿತಗಳ ಊರು. ಪೇಟೆ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಶಿವಾಜಿನಗರ, ಹಲಸೂರುಗಳನ್ನು ಒಳಗೊಂಡ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಸಿ.ವಿ. ರಾಮನ್ ಅವರು ಮೊದಲ ಭಾರತೀಯ ನಿರ್ದೇಶಕರಾಗಿ ಬಂದಿದ್ದರು. ಅದೇ ವರ್ಷ ಜರ್ಮನಿಯಲ್ಲಿ ಹಿಟ್ಲರನ ಆಡಳಿತ ಯಹೂದಿ ಪ್ರಾಧ್ಯಾಪಕರನ್ನು ಹುದ್ದೆಗಳಿಂದ ಹೊರಹಾಕಿತು. ಗಾಟಿಂಗೆನ್ ವಿಶ್ವವಿದ್ಯಾಲಯದ ಮಾಕ್ಸ್ ಬಾರ್ನ್ ಅವರಲ್ಲಿ ಒಬ್ಬರು. ಇಂಥ ವಿದ್ವಾಂಸರನ್ನು ಬೆಂಗಳೂರಿಗೆ ಕರೆತಂದರೆ ಇಲ್ಲಿ ಸೈದ್ಧಾಂತಿಕ ಭೌತಶಾಸ್ತ್ರ ಬೇರೂರುತ್ತದೆ ಎಂಬುದು ರಾಮನ್ ಅವರ ಯೋಚನೆ. ಅವರ ಆಹ್ವಾನದಂತೆ ಬಾರ್ನ್ 1935ರಲ್ಲಿ ಬಂದು ಕೆಲವು ತಿಂಗಳು ಇಲ್ಲಿ ರೀಡರ್ ಆಗಿ ಪಾಠ ಹೇಳಿದರು.

ಬಾರ್ನ್ ಅವರಿಗೆ ಶಾಶ್ವತ ಪ್ರಾಧ್ಯಾಪಕ ಹುದ್ದೆ ನೀಡಬೇಕೆಂದು ರಾಮನ್ ಅವರು ಸಂಸ್ಥೆಯ ಪ್ರಾಧ್ಯಾಪಕರ ಸಭೆಯಲ್ಲಿ ಪ್ರಸ್ತಾಪಿಸಿದರು. ಮುಂದೆ ನಡೆದದ್ದನ್ನು ನಾವು ಬಾರ್ನ್ ಅವರ ಬರಹದಿಂದಲೇ ತಿಳಿಯುತ್ತೇವೆ. ವಿದ್ಯುತ್ ತಂತ್ರಜ್ಞಾನದ ಇಂಗ್ಲಿಷ್ ಪ್ರಾಧ್ಯಾಪಕ ಆಸ್ಟನ್ ಎದ್ದುನಿಂತು, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಈ ಎರಡನೆಯ ದರ್ಜೆಯ ಪರದೇಶಿ ನಮಗೆ ತಕ್ಕವನಲ್ಲ ಎಂಬ ಅರ್ಥದ ಮಾತಾಡಿದರು. ಬಾರ್ನ್ ಆ ಸಭೆಯಲ್ಲೇ ಕುಳಿತಿದ್ದರು. ಮನೆಗೆ ಬಂದು ಹೆಂಡತಿಯ ಮುಂದೆ ಅತ್ತುಬಿಟ್ಟೆನೆಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಹುದ್ದೆ ದೊರೆಯಲಿಲ್ಲ. 1936ರಲ್ಲಿ ಅವರು ಯೂರೋಪಿಗೆ ಮರಳಿ ಎಡಿನ್‌ಬರೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಈ ಮಾತನ್ನು ಬಿಡಿಸಿ ನೋಡಿ. ‘ಪರದೇಶಿ’ ಎಂಬುದು ಹುಟ್ಟನ್ನು ಕುರಿತದ್ದು. ‘ಓಡಿಸಲ್ಪಟ್ಟವನು’ ಎಂಬುದು ಅವರಿಗೆ ಆದ ಅನ್ಯಾಯವನ್ನೇ ಅವರ ದೋಷವಾಗಿ ತಿರುಗಿಸುತ್ತದೆ. ‘ಎರಡನೆಯ ದರ್ಜೆ’ ಎಂಬುದೊಂದು ಮಾತ್ರ ಪರೀಕ್ಷೆಗೆ ಒಳಪಡಬಹುದಿತ್ತು. 1925ರಲ್ಲಿ ಹೈಸೆನ್‌ಬರ್ಗ್, ಜೋರ್ಡಾನ್ ಅವರೊಡನೆ ಮಾತೃಕಾ ಬಲವಿಜ್ಞಾನವನ್ನು ಕಟ್ಟಿದ, 1926ರಲ್ಲಿ ಕ್ವಾಂಟಮ್ ತರಂಗಕ್ಕೆ ಸಂಭಾವ್ಯತೆಯ ಅರ್ಥವನ್ನು ಕೊಟ್ಟ ವ್ಯಕ್ತಿಯ ವಿಷಯದಲ್ಲಿ ಆ ಪರೀಕ್ಷೆ ಅರ್ಧ ನಿಮಿಷವೂ ನಿಲ್ಲುತ್ತಿರಲಿಲ್ಲ. ಅದೇ ಕೆಲಸಕ್ಕಾಗಿ ಬಾರ್ನ್ 1954ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ರಾಮನ್ ಅವರ ಪ್ರಸ್ತಾಪಕ್ಕೆ ಗಂಭೀರವಾದ ಆಕ್ಷೇಪಗಳು ಸಾಧ್ಯವಿದ್ದವು. ಸಂಸ್ಥೆಯ ಹಣ ಭೌತಶಾಸ್ತ್ರದ ಕಡೆಗೇ ಹೆಚ್ಚಾಗಿ ಹರಿಯುತ್ತಿದೆ ಎಂಬ ಅಸಮಾಧಾನ ಇತರ ವಿಭಾಗಗಳಲ್ಲಿತ್ತು. ಸಂಸ್ಥೆಯ ವ್ಯವಹಾರವನ್ನು ಪರಿಶೀಲಿಸಲು ಜೇಮ್ಸ್ ಅರ್ವಿನ್ ಅವರ ಅಧ್ಯಕ್ಷತೆಯ ಸಮಿತಿ 1936ರಲ್ಲಿ ಬಂತು. 1937ರಲ್ಲಿ ರಾಮನ್ ಅವರು ನಿರ್ದೇಶಕ ಹುದ್ದೆಯನ್ನು ಬಿಟ್ಟು ಪ್ರಾಧ್ಯಾಪಕರಾಗಿ ಮುಂದುವರಿದರು. ‘ಇರುವ ಹಣದಲ್ಲಿ ಸೈದ್ಧಾಂತಿಕ ಭೌತಶಾಸ್ತ್ರದ ಪೀಠ ಮೊದಲು ಬೇಕೋ, ಪ್ರಯೋಗಾಲಯ ಮೊದಲು ಬೇಕೋ?’ ಎಂದು ಆಸ್ಟನ್ ಕೇಳಬಹುದಿತ್ತು. ಆ ಪ್ರಶ್ನೆ ಬಾರ್ನ್ ಅವರಿಗೆ ಅಷ್ಟೇ ಅಹಿತಕರವಾಗಿರುತ್ತಿತ್ತು, ಆದರೆ ನ್ಯಾಯವಾಗಿರುತ್ತಿತ್ತು. ನಿಂದನೆಯು ಗುರಿಯಾದವರಿಗೆ ನೋವನ್ನು ಕೊಡುವುದಷ್ಟೇ ಅಲ್ಲ, ನಡೆಯಬೇಕಾಗಿದ್ದ ಚರ್ಚೆಯನ್ನೇ ನುಂಗಿಹಾಕುತ್ತದೆ. ಇಂದು ಆ ಸಭೆಯಿಂದ ನಮಗೆ ನೆನಪಿರುವುದು ಆ ಒಂದು ವಾಕ್ಯ ಮಾತ್ರ.

ಕಟುವಾದ ಟೀಕೆ ನಿಂದನೆಯಲ್ಲ

ಕೆಲವೇ ವರ್ಷಗಳಲ್ಲಿ ಬಾರ್ನ್ ಅವರು ಬೆಂಗಳೂರಿನಿಂದ ಇನ್ನೊಂದು ದಾಳಿಯನ್ನು ಎದುರಿಸಬೇಕಾಯಿತು. ಈ ಬಾರಿ ಎದುರಾಳಿ ಅವರನ್ನು ಕರೆತಂದಿದ್ದ ರಾಮನ್ ಅವರೇ. ವಿಷಯ ಸ್ಫಟಿಕಗಳಲ್ಲಿ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬುದು.

ಬಾರ್ನ್ ಮತ್ತು ಫಾನ್ ಕಾರ್ಮಾನ್ 1912ರಲ್ಲಿ ಮಂಡಿಸಿದ್ದ ಸಿದ್ಧಾಂತದ ಪ್ರಕಾರ ಸ್ಫಟಿಕದ ಕಂಪನಗಳು ಜಾಲಕದಲ್ಲಿ ಸಾಗುವ ಅಲೆಗಳು. ಈ ಅಲೆಗಳ ತರಂಗದೂರ ಬೇರೆ ಬೇರೆ ಆಗಿರುವುದರಿಂದ ಆವೃತ್ತಿಗಳು ಹೆಚ್ಚು ಕಡಿಮೆ ಅವಿಚ್ಛಿನ್ನವಾಗಿ ಹರಡಿಕೊಂಡಿರುತ್ತವೆ. 1941ರಿಂದ ರಾಮನ್ ಅವರು ಇದನ್ನು ಅಲ್ಲಗಳೆಯತೊಡಗಿದರು. ಅವರ ವಾದ ಹೀಗಿತ್ತು: ಅಕ್ಕಪಕ್ಕದ ಏಕಕ ಕೋಶಗಳು ಒಂದೋ ಒಂದೇ ಪ್ರಾವಸ್ಥೆಯಲ್ಲಿ, ಇಲ್ಲವೇ ವಿರುದ್ಧ ಪ್ರಾವಸ್ಥೆಯಲ್ಲಿ ಕಂಪಿಸುತ್ತವೆ. ಮೂರು ಅಕ್ಷಗಳಲ್ಲಿ ತಲಾ ಎರಡು ಸಾಧ್ಯತೆಗಳಿಂದ 2×2×2, ಅಂದರೆ 8 ಬಗೆಗಳಾದವು. ಕೋಶದಲ್ಲಿ p ಪರಮಾಣುಗಳಿದ್ದರೆ ಪ್ರತಿಯೊಂದು ಬಗೆಗೂ 3p ಕಂಪನಗಳು, ಒಟ್ಟು 24p. ಇಡೀ ಸ್ಫಟಿಕ ಸ್ಥಳಾಂತರವಾಗುವ 3 ಚಲನೆಗಳನ್ನು ಕಳೆದರೆ ಉಳಿಯುವುದು 24p−3. ವಜ್ರದಲ್ಲಿ p=2 ಆದ್ದರಿಂದ 45. ಸಮ್ಮಿತಿಯ ಕಾರಣ ಇವುಗಳಲ್ಲಿ ಹಲವು ಒಂದೇ ಆವೃತ್ತಿಯವು. ಆದ್ದರಿಂದ ವಜ್ರದ ರೋಹಿತದಲ್ಲಿ ಬೆರಳೆಣಿಕೆಯಷ್ಟು ಸ್ಪಷ್ಟ ಗೆರೆಗಳು ಕಾಣಬೇಕು, ಅವಿಚ್ಛಿನ್ನ ಹರವಲ್ಲ.

1940ರ ದಶಕದಲ್ಲಿ ಬೆಂಗಳೂರಿನ ಆರ್.ಎಸ್. ಕೃಷ್ಣನ್ ಅವರು ಪಾದರಸದ 2536.5 ಆಂಗ್‌ಸ್ಟ್ರಾಮ್ ಬೆಳಕನ್ನು ಬಳಸಿ ತೆಗೆದ ವಜ್ರದ ಎರಡನೆಯ ಹಂತದ ರಾಮನ್ ರೋಹಿತದಲ್ಲಿ ಚೂಪಾದ ಗೆರೆಗಳಂಥ ರಚನೆ ನಿಜಕ್ಕೂ ಕಂಡಿತು. ರಾಮನ್ ಅವರು ಇದನ್ನು ತಮ್ಮ ಗೆಲುವೆಂದು ಸಾರಿದರು. ಬಾರ್ನ್ ಅವರ ಸಿದ್ಧಾಂತದ ಬುನಾದಿಯಾದ ಆವರ್ತಕ ಗಡಿ ನಿಯಮವೇ ತಪ್ಪು, ಅದರ ಮೇಲೆ ಕಟ್ಟಿದ ಎಲ್ಲವೂ ತಪ್ಪು ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಎಡಿನ್‌ಬರೊದಿಂದ ಬಾರ್ನ್ ಅಷ್ಟೇ ನೇರವಾಗಿ ಉತ್ತರಿಸಿದರು. ಅವರ ವಿದ್ಯಾರ್ಥಿನಿ ಹೆಲೆನ್ ಸ್ಮಿತ್ 1948ರಲ್ಲಿ ಬಾರ್ನ್ ಸಿದ್ಧಾಂತದಿಂದಲೇ ವಜ್ರದ ರೋಹಿತವನ್ನು ಲೆಕ್ಕಹಾಕಿ ತೋರಿಸಿದರು. ಇಬ್ಬರು ಮಹಾನ್ ವಿಜ್ಞಾನಿಗಳ ಸ್ನೇಹ ಈ ಜಗಳದಲ್ಲಿ ಕೊನೆಗೊಂಡಿತು.

ಇಷ್ಟೆಲ್ಲ ಕಟುವಾಗಿದ್ದರೂ ನಮ್ಮ ಪರೀಕ್ಷೆಯನ್ನು ಅನ್ವಯಿಸಿ ನೋಡಿ. ರಾಮನ್, ಬಾರ್ನ್ ಎಂಬ ಹೆಸರುಗಳನ್ನು ಅಳಿಸಿದರೂ ವಾದ ಪೂರ್ತಿಯಾಗಿ ಉಳಿಯುತ್ತದೆ: ಆವೃತ್ತಿಗಳು ಬಿಡಿಬಿಡಿಯೋ, ಅವಿಚ್ಛಿನ್ನವೋ? ಈ ಪ್ರಶ್ನೆಗೆ ಪ್ರಕೃತಿ ಉತ್ತರ ಕೊಡಬಲ್ಲದು, ಕೊಟ್ಟಿತು ಕೂಡ. 1953ರಲ್ಲಿ ವಾನ್ ಹೋವ್, ಅವಿಚ್ಛಿನ್ನ ಹರವಿನಲ್ಲೂ ಕೆಲವು ನಿರ್ದಿಷ್ಟ ಆವೃತ್ತಿಗಳಲ್ಲಿ ಕಂಪನಗಳ ಸಾಂದ್ರತೆ ತೀಕ್ಷ್ಣವಾಗಿ ಬದಲಾಗಲೇಬೇಕೆಂದು ಗಣಿತದಿಂದ ತೋರಿಸಿದರು. 1950ರ ದಶಕದಲ್ಲಿ ಕೆನಡಾದ ಬ್ರಾಕ್‌ಹೌಸ್ ಬೆಳೆಸಿದ ನ್ಯೂಟ್ರಾನ್ ಚದರಿಕೆಯ ವಿಧಾನದಿಂದ ಆವೃತ್ತಿಯು ತರಂಗದೂರದೊಂದಿಗೆ ಬದಲಾಗುವುದನ್ನು ನೇರವಾಗಿ ಅಳೆಯುವುದು ಸಾಧ್ಯವಾಯಿತು. 1960ರ ದಶಕದಲ್ಲಿ ವಜ್ರಕ್ಕೂ ಆ ಅಳತೆ ನಡೆಯಿತು. ಬಾರ್ನ್ ಅವರ ಚಿತ್ರವೇ ಸರಿಯೆಂದು ಸಿದ್ಧವಾಯಿತು. ಆದರೆ ರಾಮನ್ ಅವರ 24p−3 ಕಂಪನಗಳು ಕಾಲ್ಪನಿಕವೇನಲ್ಲ. ಬಾರ್ನ್ ಚಿತ್ರದಲ್ಲಿ ಅವು ತರಂಗ ಸದಿಶಗಳ ವಲಯದ 8 ವಿಶೇಷ ಬಿಂದುಗಳ ಕಂಪನಗಳು: ವಜ್ರದಲ್ಲಿ ಕೇಂದ್ರ ಒಂದು, ಗಡಿಯ ಮೇಲೆ ನಾಲ್ಕು ಮತ್ತು ಮೂರು. ರೋಹಿತದಲ್ಲಿ ಎದ್ದುಕಾಣುವ ರಚನೆಗೆ ಇಂಥ ಬಿಂದುಗಳ ಕೊಡುಗೆ ದೊಡ್ಡದು. ರಾಮನ್ ಅವರು ಕಂಡದ್ದು ನಿಜ. ಅದಷ್ಟೇ ಇದೆ ಎಂದದ್ದು ತಪ್ಪು.

ಈ ವಾದವನ್ನು ‘ಹಿರಿಯರು ಜಗಳವಾಡಬಾರದು’ ಎಂದು ಯಾರಾದರೂ 1941ರಲ್ಲೇ ನಿಲ್ಲಿಸಿದ್ದರೆ ಕೃಷ್ಣನ್ ಅವರ ಛಾಯಾಚಿತ್ರಗಳಿಗೂ ಸ್ಮಿತ್ ಅವರ ಲೆಕ್ಕಕ್ಕೂ ಅಷ್ಟು ತುರ್ತು ಎಲ್ಲಿಂದ ಬರುತ್ತಿತ್ತು? ಬಾರ್ನ್ ಅವರಿಗೆ ಆಸ್ಟನ್ ಅವರ ಒಂದು ವಾಕ್ಯವೂ ನೋವು ಕೊಟ್ಟಿತು, ರಾಮನ್ ಅವರ ವರ್ಷಗಟ್ಟಲೆಯ ಖಂಡನೆಯೂ ನೋವು ಕೊಟ್ಟಿತು. ಆದರೆ ಒಂದರಿಂದ ವಿಜ್ಞಾನಕ್ಕೆ ಸಿಕ್ಕಿದ್ದು ಏನೂ ಇಲ್ಲ. ಇನ್ನೊಂದರಿಂದ ಸಿಕ್ಕಿದ್ದು ಬಹಳ.

ನೋವು ಮಾನದಂಡವಾಗಬಹುದೇ?

‘ಕೇಳಿದವರಿಗೆ ನೋವಾದರೆ ಅದು ನಿಂದನೆ’ ಎಂಬ ವ್ಯಾಖ್ಯೆ ನಮ್ಮಲ್ಲಿ ಬಹಳ ಪ್ರಚಲಿತ. ಅದರ ಹಿಂದಿರುವ ಸೌಜನ್ಯವನ್ನು ಗೌರವಿಸೋಣ. ಆದರೆ ಅಳತೆಗೋಲಾಗಿ ಅದು ಕೆಲಸಕ್ಕೆ ಬರುವುದಿಲ್ಲ. ಒಂದೇ ಮಾತು ಒಬ್ಬರಿಗೆ ನೋವು, ಇನ್ನೊಬ್ಬರಿಗೆ ನಗು. ಉಪಕರಣ ಬದಲಾದಂತೆ ಫಲಿತಾಂಶವೂ ಬದಲಾಗುವುದಾದರೆ ನಾವು ಅಳೆಯುತ್ತಿರುವುದು ಮಾತನ್ನಲ್ಲ, ಉಪಕರಣವನ್ನು.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಪವಾಡಗಳನ್ನು ಮತ್ತು ಪರೀಕ್ಷಿಸಬಹುದಾದ ಇತರ ಮೂಢನಂಬಿಕೆಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದಾಚೆ ವೈಟ್‌ಫೀಲ್ಡ್ ಬಳಿಯೂ ಆಶ್ರಮ ಹೊಂದಿದ್ದ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು, ನಿಯಂತ್ರಿತ ಪರಿಸ್ಥಿತಿಯಲ್ಲಿ ಪವಾಡಗಳನ್ನು ತೋರಿಸಬೇಕೆಂದು ಕೋರಿದರು. ಪತ್ರಗಳಿಗೆ ಉತ್ತರ ಬರಲಿಲ್ಲ. ಭಕ್ತರಿಗೆ ಆ ಕೋರಿಕೆಯೇ ಅವಮಾನವಾಗಿ ಕಂಡಿತು. ಅವರ ನೋವು ನಟನೆಯಾಗಿರಲಿಲ್ಲ. ಆದರೆ ಪರೀಕ್ಷೆಯ ಕೋರಿಕೆ ಒಂದು ಹೇಳಿಕೆಯನ್ನು ಕುರಿತದ್ದು. ಅದು ನಿಂದನೆಯಲ್ಲ. ನೋವನ್ನೇ ಮಾನದಂಡವೆಂದು ಒಪ್ಪಿದರೆ, ಹೆಚ್ಚು ನಂಬಿಕೆ ಗಳಿಸಿದ ಹೇಳಿಕೆಯೇ ಹೆಚ್ಚು ರಕ್ಷಣೆ ಪಡೆಯುತ್ತದೆ. ವಿಜ್ಞಾನದಲ್ಲಿ ಆಗಬೇಕಾದದ್ದು ಇದಕ್ಕೆ ತದ್ವಿರುದ್ಧ.

ಅಸ್ಪಷ್ಟ ನಿಯಮ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಕಾನೂನಿನ ಚರಿತ್ರೆಯಲ್ಲೂ ಪಾಠವಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರ ತಿದ್ದುಪಡಿಯಿಂದ ಸೇರಿದ 66ಎ ವಿಧಿ, ಇತರರಿಗೆ ಕಿರಿಕಿರಿ ಅಥವಾ ಅನನುಕೂಲ ಉಂಟುಮಾಡುವ ಕೆಲವು ಬಗೆಯ ಸಂದೇಶಗಳನ್ನು ಅಪರಾಧವಾಗಿಸಿತ್ತು. ಕಿರಿಕಿರಿ ಎಂದರೇನೆಂದು ಎಲ್ಲೂ ಹೇಳಿರಲಿಲ್ಲ. 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ಆ ವಿಧಿಯನ್ನು ರದ್ದುಮಾಡಿತು. ಅದರ ಪದಗಳು ಅನಿಶ್ಚಿತವಾಗಿದ್ದು, ನಿರಪರಾಧದ ಮಾತನ್ನೂ ಬಲೆಗೆ ಬೀಳಿಸಬಲ್ಲವು ಎಂಬುದು ಮುಖ್ಯ ಕಾರಣಗಳಲ್ಲೊಂದು. ದೇಶದ ಕಾನೂನಿಗೆ ಅನ್ವಯಿಸುವ ಈ ವಿವೇಕ ನಮ್ಮ ಗೋಷ್ಠಿಗಳಿಗೂ ಸಲ್ಲಬೇಕು.

ಅಧ್ಯಕ್ಷರು ಮಾಡಬಹುದಾದ ಎರಡು ತಪ್ಪುಗಳು

ನಿಂದನೆಯ ಒಂದು ಪದವೂ ಇಲ್ಲದೆ ದೊಡ್ಡ ಅನ್ಯಾಯ ನಡೆಯಬಹುದು ಎಂಬುದನ್ನೂ ಮರೆಯಬಾರದು. ಇದಕ್ಕೆ ರಾಮನ್ ಅವರ ಅಣ್ಣನ ಮಗ ಎಸ್. ಚಂದ್ರಶೇಖರ್ ಅವರ ಅನುಭವವೇ ಸಾಕ್ಷಿ. 1935ರ ಜನವರಿ 11ರಂದು ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯಲ್ಲಿ 24 ವರ್ಷದ ಚಂದ್ರಶೇಖರ್, ಶ್ವೇತಕುಬ್ಜ ನಕ್ಷತ್ರದ ರಾಶಿಗೆ ಒಂದು ಗರಿಷ್ಠ ಮಿತಿಯಿದೆ ಎಂದು ಮಂಡಿಸಿದರು. ಈಗಿನ ಲೆಕ್ಕದಲ್ಲಿ ಅದು ಸೂರ್ಯನ ರಾಶಿಯ ಸುಮಾರು 1.4 ಪಟ್ಟು. ಪ್ರಖ್ಯಾತ ವಿಜ್ಞಾನಿ ಎಡಿಂಗ್ಟನ್ ಎದ್ದು ಅದನ್ನು ಗೇಲಿ ಮಾಡಿದರು, ಸಭೆ ನಕ್ಕಿತು. ಗೇಲಿಯ ಗುರಿ ಸಿದ್ಧಾಂತವಾಗಿತ್ತು, ತರುಣನ ಬಣ್ಣವೋ ದೇಶವೋ ಅಲ್ಲ. ನಮ್ಮ ಪರೀಕ್ಷೆಯಂತೆ ಅದು ನಿಂದನೆಯಲ್ಲ. ಆದರೆ ಈ ಪ್ರಬಂಧದ ವಾದಗಳನ್ನು ಎಚ್ಚರಿಕೆಯಿಂದ ಪರಿಶೀಲಿಸಿದ ಬಳಿಕವೇ ಚರ್ಚಿಸಬೇಕಾಗುತ್ತದೆ ಎಂಬರ್ಥದ ಮಾತಿನಿಂದ ಅಧ್ಯಕ್ಷರು ಆ ವಿಷಯವನ್ನು ಮುಗಿಸಿದರು. ಚಂದ್ರಶೇಖರ್ ಅವರಿಗೆ ಉತ್ತರಿಸುವ ಅವಕಾಶವೇ ಸಿಗಲಿಲ್ಲ. ಅದೇ ವರ್ಷ ಪ್ಯಾರಿಸ್ಸಿನ ಖಗೋಳ ಸಮ್ಮೇಳನದಲ್ಲಿ ಎಡಿಂಗ್ಟನ್ ಮತ್ತೆ ದಾಳಿ ಮಾಡಿದಾಗ, ಉತ್ತರಿಸಲು ಅನುಮತಿ ಕೋರಿ ಚಂದ್ರಶೇಖರ್ ಅಧ್ಯಕ್ಷ ರಸೆಲ್ ಅವರಿಗೆ ಚೀಟಿ ಕಳಿಸಿದರು. ಬೇಡವೆಂಬ ಉತ್ತರ ಬಂತು. ಆ ಕೆಲಸಕ್ಕೆ ನೊಬೆಲ್ ಮನ್ನಣೆ ಬಂದದ್ದು 1983ರಲ್ಲಿ.

ಹೀಗೆ ನಿರ್ವಹಿಸುವವರ ತಪ್ಪುಗಳಲ್ಲಿ ಎರಡು ಬಗೆ. ನಿಂದನೆ ನಡೆದಾಗ ಸುಮ್ಮನಿರುವುದು ಒಂದು. ನಿಂದನೆಯಿಲ್ಲದ ಕಡೆ ಬಾಯಿ ಮುಚ್ಚಿಸುವುದು ಇನ್ನೊಂದು. ಯಾವುದೇ ಶೋಧಕ ಉಪಕರಣಕ್ಕೂ ಈ ಎರಡು ದೋಷಗಳಿರುತ್ತವೆ: ಸಂಕೇತವಿದ್ದರೂ ಕಾಣದಿರುವುದು, ಇಲ್ಲದಿದ್ದರೂ ಕಂಡಿತೆನ್ನುವುದು. ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ಮೊದಲ ದೋಷ ತಗ್ಗಿ ಎರಡನೆಯದು ಏರುತ್ತದೆ. ‘ಏನೇ ಕಟುವಾದ ಮಾತು ಕೇಳಿದರೂ ತಡೆಯಿರಿ’ ಎನ್ನುವವರು ಈ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ನಮ್ಮ ಪ್ರಾಚೀನ ತಾರ್ಕಿಕರಿಗೆ ಇದು ಗೊತ್ತಿತ್ತು. ನ್ಯಾಯಸೂತ್ರವು ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದವನ್ನು, ಗೆಲುವಿಗಾಗಿ ನಡೆಯುವ ಜಲ್ಪದಿಂದಲೂ ಖಂಡನೆಗಾಗಿಯೇ ನಡೆಯುವ ವಿತಂಡದಿಂದಲೂ ಬೇರ್ಪಡಿಸುತ್ತದೆ. ಸೋಲಿಗೆ ಕಾರಣವಾಗುವ 22 ನಿಗ್ರಹಸ್ಥಾನಗಳನ್ನು ಅದು ಪಟ್ಟಿಮಾಡುತ್ತದೆ. ಅವುಗಳಲ್ಲಿ ಎರಡನ್ನು ಶಿಕ್ಷಕರು ನೆನಪಿಡುವುದು ಒಳ್ಳೆಯದು. ಒಂದು, ಪರ್ಯನುಯೋಜ್ಯೋಪೇಕ್ಷಣ: ದೋಷವನ್ನು ಎತ್ತಿ ತೋರಿಸಬೇಕಾದಲ್ಲಿ ತೋರಿಸದೆ ಬಿಡುವುದು. ಇನ್ನೊಂದು, ನಿರನುಯೋಜ್ಯಾನುಯೋಗ: ದೋಷವಿಲ್ಲದವನ ಮೇಲೆ ದೋಷ ಹೊರಿಸುವುದು. ಇವು ವಾದಿಗಳಿಗೆ ಹೇಳಿದ ನಿಯಮಗಳು. ಆದರೂ ತಪ್ಪಾಗಿ ಹೊರಿಸಿದ ಆರೋಪವೇ ಒಂದು ದೋಷ ಎಂಬ ತತ್ತ್ವ ಅಧ್ಯಕ್ಷರ ಪೀಠಕ್ಕೂ ಅನ್ವಯಿಸಬೇಕು.

ಎಚ್ಚರಿಕೆಗೂ ನಿಯಮ ಬೇಕು

ಹಾಗಾದರೆ ಎಚ್ಚರಿಕೆ ಹೇಗಿರಬೇಕು? ಶಾಲಾ ಕಾಲೇಜುಗಳ ವಿಜ್ಞಾನ ಸಂಘಗಳು ಸುಲಭವಾಗಿ ಪಾಲಿಸಬಹುದಾದ ನಾಲ್ಕು ಕ್ರಮಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಅಧ್ಯಕ್ಷರು ಯಾವ ಮಾತು ನಿಂದನೆ ಎಂಬುದನ್ನು ಆ ಮಾತನ್ನೇ ಉಲ್ಲೇಖಿಸಿ ಹೇಳಬೇಕು. ‘ನಿಮ್ಮ ಧೋರಣೆ ಸರಿಯಿಲ್ಲ’ ಎಂಬುದು ಎಚ್ಚರಿಕೆಯಲ್ಲ. ವ್ಯಕ್ತಿಯನ್ನು ಕುರಿತ, ಪರೀಕ್ಷೆಗೆ ಒಳಪಡದ ಅದೂ ಒಂದು ಟೀಕೆ. ನಮ್ಮ ವ್ಯಾಖ್ಯೆಯಂತೆ ಅದೇ ನಿಂದನೆಗೆ ಹತ್ತಿರ.

ಎರಡನೆಯದು, ಮಿಶ್ರ ಮಾತುಗಳನ್ನು ಬಿಡಿಸಬೇಕು. ‘ಮೂರ್ಖರೇ, ಮಧ್ಯಾಹ್ನ ಮೂರಕ್ಕೆ ಯಾರಾದರೂ ಅಳೆಯುತ್ತಾರೆಯೇ?’ ಎಂಬ ಮಾತಿನಲ್ಲಿ ‘ಮೂರ್ಖರೇ’ ಎಂಬುದನ್ನು ಹಿಂತೆಗೆದುಕೊಳ್ಳಬೇಕು. ಮೂರು ಗಂಟೆಯ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಒಂದು ಕೆಟ್ಟ ಪದದ ನೆಪದಲ್ಲಿ ಒಳ್ಳೆಯ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವವರನ್ನು ನೀವೂ ಕಂಡಿರಬಹುದು.

ಮೂರನೆಯದು, ಎಚ್ಚರಿಕೆ ಪಡೆದವರಿಗೆ ಅದನ್ನು ಪ್ರಶ್ನಿಸಲು ಒಂದು ಅವಕಾಶವಿರಬೇಕು. ಎಚ್ಚರಿಕೆ ಕೊಟ್ಟವರಲ್ಲದೆ ಬೇರೊಬ್ಬರು ಅದನ್ನು ಕೇಳಬೇಕು. ತನ್ನ ಅಳತೆಯನ್ನು ತಾನೇ ದೃಢೀಕರಿಸುವುದು ವಿಜ್ಞಾನದಲ್ಲಿ ದೃಢೀಕರಣವೆನಿಸುವುದಿಲ್ಲ. ಗೋಷ್ಠಿ ನಡೆಯುವಾಗ ಅಧ್ಯಕ್ಷರ ಮಾತನ್ನು ಪಾಲಿಸಿ, ಮುಗಿದ ಮೇಲೆ ಸಂಘದ ಮುಂದೆ ಆಕ್ಷೇಪ ಸಲ್ಲಿಸುವ ಪದ್ಧತಿ ಇದ್ದರೆ ಶಿಸ್ತೂ ಉಳಿಯುತ್ತದೆ, ನ್ಯಾಯವೂ ಉಳಿಯುತ್ತದೆ.

ನಾಲ್ಕನೆಯದು, ನಿಂದನೆಗೆ ಅಥವಾ ಗೇಲಿಗೆ ಗುರಿಯಾದವರಿಗೆ ಅಲ್ಲೇ ಉತ್ತರಿಸುವ ಹಕ್ಕಿರಬೇಕು. ಇದು ನಾಲ್ಕರಲ್ಲಿ ಅತಿ ಮುಖ್ಯ. ಲಂಡನ್ನಿನಲ್ಲಿ ಚಂದ್ರಶೇಖರ್ ಅವರಿಗೆ ಬೇಕಾಗಿದ್ದದ್ದು ಎಡಿಂಗ್ಟನ್ ಅವರ ಬಾಯಿಗೆ ಬೀಗವಲ್ಲ. ತಮ್ಮ ಮಾತಿಗೆ ಐದು ನಿಮಿಷ.

ಬೆದರಿಕೆ, ಮತ್ತೆ ಮತ್ತೆ ಬೆನ್ನುಹತ್ತಿ ಪೀಡಿಸುವುದು, ಆಧಾರವಿಲ್ಲದೆ ಕಳ್ಳತನ ಹೊರಿಸುವುದು, ಇವು ಬೇರೆ ವರ್ಗದವು. ಅವುಗಳಿಗೆ ಶಿಸ್ತು ಸಮಿತಿಗಳೂ ಕಾನೂನೂ ಇವೆ. ಇಲ್ಲಿ ನಾನು ಹೇಳುತ್ತಿರುವುದು ದಿನನಿತ್ಯದ ವಾದದ ಕಾವಿನ ವಿಷಯ.

ಶಿಕ್ಷಕ ಮಿತ್ರರು ಈ ಪರೀಕ್ಷೆಯನ್ನು ತರಗತಿಯಲ್ಲಿ ಒಂದು ಪಾಠವಾಗಿಯೇ ಮಾಡಬಹುದು. ಹಲಸೂರು ಕೆರೆಯ ಆರು ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಯಾವುದು ನಿಂದನೆ, ಯಾವುದು ಟೀಕೆ ಎಂದು ವಿದ್ಯಾರ್ಥಿಗಳು ಪ್ರತ್ಯೇಕವಾಗಿ ಗುರುತಿಸಿ, ಕಾರಣವನ್ನು ಬರೆದುಕೊಡಲಿ. ಉತ್ತರಗಳು ಎಲ್ಲಿ ಭಿನ್ನವಾಗುತ್ತವೆಯೋ ಅಲ್ಲಿ ಚರ್ಚೆ ನಡೆಯಲಿ. ನನ್ನ ವಿಂಗಡಣೆಯನ್ನೂ ಅವರು ಅಲ್ಲಗಳೆಯಬಹುದು. ಎರಡನೆಯ ಮಾತನ್ನು ನಿಂದನೆಯ ಪಟ್ಟಿಗೆ ಸೇರಿಸಬೇಕೆಂದು ಕೆಲವರಾದರೂ ವಾದಿಸುತ್ತಾರೆಂಬುದು ನನ್ನ ನಿರೀಕ್ಷೆ. ವಾದಿಸಲಿ. ಅವರ ಕಾರಣವನ್ನು ಕೇಳಿ, ಅದಕ್ಕೆ ಉತ್ತರ ಕೊಡಿ. ‘ಮೇಷ್ಟ್ರ ಮಾತಿಗೆ ಎದುರಾಡಬೇಡ’ ಎಂದು ಮಾತ್ರ ಎಚ್ಚರಿಸಬೇಡಿ.